ಮುಚ್ಚಿಟ್ಟ ನೋವೆಲ್ಲ ತ್ಯಾಗವೇ?



ಇಗರ್ಜಿಯ ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕದಲ್ಲೇ ಕೂರುವವರೆಲ್ಲ ಭಕ್ತಿ ಕಡಿಮೆಯಾದವರಲ್ಲ. ಅವರಲ್ಲಿ ಕೆಲವು ತಾಯಂದಿರಿಗೆ ಬೇರೆಯೇ ಕಾರಣವಿರುತ್ತದೆ. ಮೊಣಕಾಲೂರಿ ಏಳುವಾಗ, ಕೆಮ್ಮಿದಾಗ, ಸೀನಿದಾಗ ಒಂದೆರಡು ಹನಿ ಮೂತ್ರ ಬಟ್ಟೆಗೆ ಸೋರೀತೆಂಬ ಭಯ. ಬಲಿಪೂಜೆಯ ಮಧ್ಯೆ ಎದ್ದು ಹೋಗಬೇಕಾಗಿ ಬಂದರೆ ಯಾರ ಕಣ್ಣಿಗೂ ಬೀಳದಂತೆ ಹೋಗಲು ಆ ಜಾಗವೇ ಅನುಕೂಲ. ಕಾರವಾರದಿಂದ ಅಂಕೋಲಾಕ್ಕೆ ಮದುವೆಗೋ ಮರಣದ ಮನೆಗೋ ಹೊರಟರೆ, ಬಸ್ಸು ಹತ್ತುವ ಎರಡು ತಾಸು ಮೊದಲೇ ಅವರು ನೀರು ಕುಡಿಯುವುದನ್ನು ಬಿಡುತ್ತಾರೆ. ಸುಮಾರು 35 ಕಿಲೋಮೀಟರ್ ದಾರಿ. ನಡುವೆ ಬಸ್ಸು ನಿಲ್ಲಿಸಿ ಎಂದು ಕಂಡಕ್ಟರಿಗೆ ಹೇಳುವುದಾದರೂ ಹೇಗೆ? ಮೊಮ್ಮಗುವನ್ನು ಎತ್ತಿಕೊಳ್ಳಲು ಅಂಜಿಕೆ, ಮನಸಾರೆ ನಗಲೂ ಅಂಜಿಕೆ.

ಈ ಮಾತನ್ನು ಅವರು ಗಂಡನಿಗೆ ಹೇಳಿರುವುದಿಲ್ಲ, ಬೆಳೆದ ಮಗಳಿಗೂ ಹೇಳಿರುವುದಿಲ್ಲ. ಡಾಕ್ಟರ ಬಳಿ ಹೋದರೂ ಸೊಂಟನೋವು ಎಂದಷ್ಟೇ ಹೇಳಿ ಮಾತ್ರೆ ಪಡೆದು ಮರಳುತ್ತಾರೆ. "ಹೆಣ್ಣಾಗಿ ಹುಟ್ಟಿದ ಮೇಲೆ, ಹೆತ್ತ ಮೇಲೆ ಇದೆಲ್ಲ ಇದ್ದದ್ದೇ" ಎಂದು ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ. ರಾತ್ರಿ ಜಪಸರ ಹಿಡಿದಾಗ ಇದನ್ನೂ ದೇವರಿಗೆ ಒಪ್ಪಿಸಿಬಿಡುತ್ತಾರೆ.

ದೇವರಿಗೆ ಒಪ್ಪಿಸುವುದು ಒಳ್ಳೆಯದೇ. ಆದರೆ ಇಲ್ಲೊಂದು ಪ್ರಶ್ನೆ ಇದೆ. ಗುಣವಾಗಬಹುದಾದ ನೋವನ್ನು, ನಾಚಿಕೆಯ ಕಾರಣಕ್ಕೆ ಯಾರಿಗೂ ಹೇಳದೆ ಹತ್ತಾರು ವರ್ಷ ಹೊತ್ತುಕೊಂಡರೆ ಅದು ತ್ಯಾಗವೇ? ಅಥವಾ ತ್ಯಾಗದ ಹೆಸರಿನಲ್ಲಿ ನಾವೆಲ್ಲ ಸೇರಿ ಅವರ ಮೇಲೆ ಹೊರಿಸಿದ ಮೌನವೇ? ಉತ್ತರಕ್ಕೆ ಮೊದಲು ಈ ತೊಂದರೆ ಏನು, ಅದಕ್ಕೆ ಯಾವ ಚಿಕಿತ್ಸೆ ಇದೆ ಎಂಬುದನ್ನು ನೇರವಾಗಿ ತಿಳಿದುಕೊಳ್ಳೋಣ. ತಿಳಿಯದೆ ಮಾಡುವ ತೀರ್ಮಾನ ತೀರ್ಮಾನವಲ್ಲ.

ಈ ತೊಂದರೆ ಏನು?

ನಮ್ಮ ಸೊಂಟದ ಎಲುಬಿನ ಗೂಡಿಗೆ ಕೆಳಗಡೆ ಎಲುಬಿನ ತಳವಿಲ್ಲ. ಅಲ್ಲಿರುವುದು ಸ್ನಾಯುಗಳ ತಳ. ಮುಂದಿನ ಎಲುಬಿನಿಂದ ಹಿಂದಿನ ಬಾಲದ ಮೂಳೆಯವರೆಗೆ, ಎರಡು ತುದಿಗೆ ಕಟ್ಟಿದ ಬಲೆಯ ಹಾಗೆ ಅವು ಹರಡಿಕೊಂಡಿವೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಈ ಮೂರನ್ನೂ ಕೆಳಗಿನಿಂದ ಹಿಡಿದಿಡುವುದು ಈ ಬಲೆ. ಇವನ್ನೇ ವೈದ್ಯರು ಶ್ರೋಣಿ ತಳದ ಸ್ನಾಯುಗಳು ಎನ್ನುತ್ತಾರೆ. ಬೇಕೆಂದಾಗ ಬಿಗಿಹಿಡಿಯುವುದು, ಬೇಕೆಂದಾಗ ಸಡಿಲಬಿಡುವುದು ಇವುಗಳ ಕೆಲಸ.

ಬಸಿರು ಮತ್ತು ಹೆರಿಗೆಯಲ್ಲಿ ಈ ಬಲೆ ಬಹಳ ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ವರ್ಷಗಟ್ಟಲೆ ಭಾರ ಹೊರುವುದು, ಬಿಡದ ಕೆಮ್ಮು, ಮಲಬದ್ಧತೆಯಿಂದ ದಿನವೂ ತಿಣುಕುವುದು, ಮೈತೂಕ ಹೆಚ್ಚುವುದು, ಮುಟ್ಟು ನಿಂತ ಮೇಲಿನ ಬದಲಾವಣೆ, ಇವೂ ಅದನ್ನು ದುರ್ಬಲಗೊಳಿಸುತ್ತವೆ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಓಣಿ ಓಣಿ ಸುತ್ತುವವರು, ಅಂಕೋಲಾ ಪೇಟೆಗೆ ತರಕಾರಿ ಹೊತ್ತು ತರುವ ಹಾಲಕ್ಕಿ ಅಕ್ಕಂದಿರು, ಬಾವಿಯಿಂದ ಕೊಡಗಟ್ಟಲೆ ನೀರು ಸೇದುವವರು ನಮ್ಮ ನಡುವೆಯೇ ಇದ್ದಾರೆ. ಹೆತ್ತು ಕೆಲವೇ ವಾರಗಳಲ್ಲಿ ಮತ್ತೆ ಭಾರ ಎತ್ತಬೇಕಾದವರೂ ಇದ್ದಾರೆ. ಬಲೆ ಸಡಿಲವಾದರೆ ಕೆಮ್ಮಿದಾಗ ಮೂತ್ರ ಸೋರುತ್ತದೆ. ಕೆಲವರಿಗೆ ವಾಯು, ಮಲದ ಹಿಡಿತ ತಪ್ಪುತ್ತದೆ. ಗರ್ಭಕೋಶ ಕೆಳಗೆ ಜಾರಿ, ಏನೋ ಇಳಿದುಬಂದಂತೆ ಭಾರ ಅನಿಸುತ್ತದೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಕೆಲವರಲ್ಲಿ ಈ ಸ್ನಾಯುಗಳು ಸದಾ ಬಿಗಿದುಕೊಂಡೇ ಇರುತ್ತವೆ. ಆಗ ಮೂತ್ರ, ಮಲ ಸಲೀಸಾಗಿ ಹೋಗದು. ದಾಂಪತ್ಯದ ಕೂಡುವಿಕೆಯಲ್ಲಿ ತಡೆಯಲಾರದ ನೋವು. ಹೊಸದಾಗಿ ಮದುವೆಯಾದ ಎಷ್ಟೋ ಜೋಡಿಗಳಲ್ಲಿ ಇದು ಮನಸ್ತಾಪಕ್ಕೆ ಕಾರಣವಾಗುತ್ತದೆ. ಹುಡುಗಿಗೆ ಗಂಡನ ಮೇಲೆ ಮನಸ್ಸಿಲ್ಲ ಎಂದು ಮನೆಯವರು ತಿಳಿಯುತ್ತಾರೆ. ಅದು ಮನಸ್ಸಿಲ್ಲದ್ದಲ್ಲ, ನೋವು. ಗಂಡಸರೂ ಇದರಿಂದ ಹೊರತಲ್ಲ. ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಸೋರುವ ಗಂಡಸರಿಗೂ ಇದೇ ಸ್ನಾಯುಗಳ ವ್ಯಾಯಾಮವನ್ನು ಕಲಿಸುತ್ತಾರೆ.

ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ ಎಂಬವರು ಈ ವ್ಯಾಯಾಮದ ಬಗ್ಗೆ 1948ರಲ್ಲಿ ಲೇಖನ ಪ್ರಕಟಿಸಿದರು. ಆದ್ದರಿಂದಲೇ ಅದಕ್ಕೆ ಕೆಗೆಲ್ ವ್ಯಾಯಾಮ ಎಂಬ ಹೆಸರು ಬಂತು. ಜಗತ್ತಿನ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಇದನ್ನು ಪರಿಶೀಲಿಸಿತು. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವ ಹೆಂಗಸರಲ್ಲಿ, ಈ ವ್ಯಾಯಾಮ ಮಾಡಿದವರ ಪೈಕಿ ನೂರಕ್ಕೆ ಸುಮಾರು 56 ಮಂದಿ ತಮಗೆ ಗುಣವಾಯಿತೆಂದರು. ಮಾಡದವರಲ್ಲಿ ಹಾಗೆ ಹೇಳಿದವರು ಸುಮಾರು 6 ಮಂದಿ ಮಾತ್ರ. ಎಲ್ಲರಿಗೂ ಪೂರ್ತಿ ಗುಣವಾಗುತ್ತದೆಂದು ಇದರ ಅರ್ಥವಲ್ಲ. ಆದರೆ "ಇದ್ದದ್ದೇ" ಎಂದು ಕೈಬಿಡಬೇಕಾದ ತೊಂದರೆ ಇದಲ್ಲ ಎಂಬುದಂತೂ ಸ್ಪಷ್ಟ.

ಮೊದಲ ಭೇಟಿಯಲ್ಲಿ ಏನಾಗುತ್ತದೆ?

ಅನೇಕರನ್ನು ತಡೆಯುವುದು ಕಾಯಿಲೆಗಿಂತ ಹೆಚ್ಚಾಗಿ ಅಲ್ಲಿ ಏನು ಮಾಡುತ್ತಾರೋ ಎಂಬ ಭಯ. ಆದ್ದರಿಂದ ಅದನ್ನು ಬಿಡಿಸಿ ಹೇಳುವುದು ಒಳ್ಳೆಯದು.

ಮೊದಲ ಭೇಟಿಯ ಬಹುಪಾಲು ಮಾತಿನಲ್ಲೇ ಕಳೆಯುತ್ತದೆ. ಎಷ್ಟು ಹೆರಿಗೆ, ಹೇಗಾಯಿತು, ಹೊಲಿಗೆ ಹಾಕಿದ್ದರೇ, ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀರಿ, ರಾತ್ರಿ ಎಷ್ಟು ಸಲ ಏಳುತ್ತೀರಿ, ಯಾವಾಗ ಸೋರುತ್ತದೆ, ಮಲಬದ್ಧತೆ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಮನೆಯಲ್ಲಿ ಏನು ಭಾರ ಎತ್ತುತ್ತೀರಿ ಎಂದೆಲ್ಲ ಕೇಳುತ್ತಾರೆ. ಮೂರು ದಿನ ಎಷ್ಟು ನೀರು ಕುಡಿದಿರಿ, ಎಷ್ಟು ಸಲ ಹೋದಿರಿ ಎಂದು ಬರೆದು ತರಲು ಹೇಳಬಹುದು. ಬರೆಯಲು ಬಾರದವರು ಮಕ್ಕಳಿಂದ ಬರೆಸಬಹುದು, ಇಲ್ಲವೇ ಗೀಟು ಎಳೆದಿಟ್ಟರೂ ಸಾಕು.

ನಂತರ ನೀವು ನಿಲ್ಲುವ, ಉಸಿರಾಡುವ ರೀತಿ, ಹೊಟ್ಟೆ, ಬೆನ್ನು, ಸೊಂಟ ಇವನ್ನು ನೋಡುತ್ತಾರೆ. ಸ್ನಾಯುಗಳ ಬಲವನ್ನು ತಿಳಿಯಲು ಒಳಗಿನ ಪರೀಕ್ಷೆ ಬೇಕಾಗಬಹುದು. ಕೈಗವಸು ತೊಟ್ಟು, ಒಂದು ಬೆರಳಿನಿಂದ ಮೆಲ್ಲನೆ ನೋಡಿ, "ಬಿಗಿ ಮಾಡಿ, ಈಗ ಬಿಡಿ" ಎನ್ನುತ್ತಾರೆ. ಮೈಮೇಲೆ ಬಟ್ಟೆ ಹೊದಿಸಿರುತ್ತಾರೆ. ಇಲ್ಲಿ ನೀವು ಮರೆಯಬಾರದ ಮಾತು: ಈ ಪರೀಕ್ಷೆ ನಿಮ್ಮ ಒಪ್ಪಿಗೆಯಿಂದ ಮಾತ್ರ ನಡೆಯಬೇಕು. ಹೆಂಗಸರೇ ಪರೀಕ್ಷಿಸಲಿ ಎಂದು ಕೇಳುವ, ತಾಯಿಯನ್ನೋ ಅಕ್ಕನನ್ನೋ ಗಂಡನನ್ನೋ ಜೊತೆಗಿಟ್ಟುಕೊಳ್ಳುವ, ಇವತ್ತು ಬೇಡ ಎನ್ನುವ, ನಡುವೆ ನಿಲ್ಲಿಸಿ ಎನ್ನುವ ಹಕ್ಕು ನಿಮಗಿದೆ. ಬೇಡವೆಂದರೆ ಚಿಕಿತ್ಸೆ ನಿಂತುಹೋಗುವುದಿಲ್ಲ. ಹೊರಗಿನಿಂದಲೇ ನೋಡಿ ವ್ಯಾಯಾಮ ಕಲಿಸಲು ಸಾಧ್ಯವಿದೆ. ಮದುವೆಯಾಗದ ಹೆಣ್ಣುಮಕ್ಕಳಿಗೂ ಹಾಗೆಯೇ.

ಇನ್ನು ವ್ಯಾಯಾಮ. ವಾಯುವನ್ನೂ ಮೂತ್ರವನ್ನೂ ಒಟ್ಟಿಗೆ ತಡೆಹಿಡಿಯುವ ಹಾಗೆ ಒಳಗಿನ ಸ್ನಾಯುವನ್ನು ಬಿಗಿದು ಮೇಲಕ್ಕೆಳೆಯುವುದು, ಕೆಲವು ಕ್ಷಣ ಹಿಡಿಯುವುದು, ಪೂರ್ತಿ ಸಡಿಲಬಿಡುವುದು. ಉಸಿರು ಕಟ್ಟಬಾರದು, ತೊಡೆ, ಪೃಷ್ಠಗಳನ್ನು ಬಿಗಿಯಬಾರದು. ಸಾಮಾನ್ಯವಾಗಿ ಒಂದು ಸಲಕ್ಕೆ ಕನಿಷ್ಠ 8 ಬಾರಿಯಂತೆ ದಿನಕ್ಕೆ 3 ಸಲ, ಮೂರು ತಿಂಗಳಾದರೂ ಬಿಡದೆ ಮಾಡಬೇಕೆಂದು ಹೇಳುತ್ತಾರೆ. ಕೆಮ್ಮು, ಸೀನು ಬರುವ ಮುನ್ನ, ಕೊಡ ಎತ್ತುವ ಮುನ್ನ ಒಮ್ಮೆ ಬಿಗಿಹಿಡಿಯುವ ಅಭ್ಯಾಸವನ್ನೂ ಕಲಿಸುತ್ತಾರೆ. ಮೂತ್ರ ಮಾಡುತ್ತಿರುವಾಗ ನಡುವೆ ತಡೆಯುವುದನ್ನೇ ದಿನದ ವ್ಯಾಯಾಮ ಮಾಡಿಕೊಳ್ಳಬೇಡಿ, ಅದು ಒಳ್ಳೆಯದಲ್ಲ. ಸ್ನಾಯು ಬಿಗಿದುಕೊಂಡು ನೋವಿರುವವರಿಗೆ ಚಿಕಿತ್ಸೆಯೇ ಬೇರೆ. ಅವರು ಮೊದಲು ಸಡಿಲಿಸಲು ಕಲಿಯಬೇಕು. ಬಿಗಿಯುವ ವ್ಯಾಯಾಮ ಅವರ ನೋವನ್ನು ಹೆಚ್ಚಿಸೀತು. ಆದ್ದರಿಂದಲೇ ನೆರೆಮನೆಯವರ ಮಾತು ಕೇಳಿ ಮಾಡುವುದಕ್ಕಿಂತ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು.

ನೀರು ಕುಡಿಯುವುದನ್ನು ಬಿಡುವವರಿಗೆ ಒಂದು ಮಾತು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆಯೂ ಹೆಚ್ಚುತ್ತದೆ. ತೊಂದರೆ ತಪ್ಪಿಸಲು ಮಾಡಿದ ಉಪಾಯವೇ ತೊಂದರೆಯನ್ನು ಬೆಳೆಸುತ್ತದೆ. ಮೂತ್ರದಲ್ಲಿ ರಕ್ತ, ಜ್ವರ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಇದ್ದಕ್ಕಿದ್ದಂತೆ ಕಾಲಿನ ಬಲ ಕುಗ್ಗುವುದು ಅಥವಾ ತೊಡೆಸಂಧಿಯ ಭಾಗ ಮರಗಟ್ಟುವುದು ಕಂಡರೆ ವ್ಯಾಯಾಮಕ್ಕೆ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.

ನಮ್ಮಲ್ಲಿ ಇನ್ನೊಂದು ನಂಬಿಕೆ ಇದೆ: ಗರ್ಭಕೋಶ ತೆಗೆಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು. ಕೆಲವರಿಗೆ ಆ ಶಸ್ತ್ರಚಿಕಿತ್ಸೆ ನಿಜವಾಗಿ ಬೇಕಾಗುತ್ತದೆ. ಆದರೆ ಸ್ನಾಯು ಸಡಿಲವಾಗಿ ಮೂತ್ರ ಸೋರುವುದಕ್ಕೆ ಅದು ಮದ್ದಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಇರುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ಆದೇಶಿಸಿದೆ. ಗರ್ಭಕೋಶ ಜಾರಿದವರಿಗೂ ಜಾರಿಕೆ ಎಷ್ಟಿದೆ ಎಂಬುದನ್ನು ನೋಡಿ ವ್ಯಾಯಾಮ, ಒಳಗಿಡುವ ಉಂಗುರ, ಶಸ್ತ್ರಚಿಕಿತ್ಸೆ ಎಂಬ ಬೇರೆ ಬೇರೆ ದಾರಿಗಳಿವೆ.

ಇದು ಶಿಲುಬೆಯಲ್ಲವೇ?

ಈಗ ನಮ್ಮ ಪ್ರಶ್ನೆಗೆ ಬರೋಣ. "ಯೇಸುಸ್ವಾಮಿ ಶಿಲುಬೆ ಹೊತ್ತರು, ನಾನು ಇಷ್ಟನ್ನು ಸಹಿಸಲಾರೆನೇ?" ಎನ್ನುವ ತಾಯಿಯ ಭಕ್ತಿ ದೊಡ್ಡದು. ಆ ಭಕ್ತಿಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ತ್ಯಾಗಕ್ಕೆ ಎರಡು ಗುಣಗಳಿವೆ. ಅದನ್ನು ತಿಳಿದು ಮಾಡಬೇಕು, ಸ್ವಂತ ಇಚ್ಛೆಯಿಂದ ಮಾಡಬೇಕು. ಚಿಕಿತ್ಸೆ ಇದೆಯೆಂದೇ ತಿಳಿಯದೆ ಸಹಿಸುವವಳು ಏನನ್ನೂ ಆರಿಸಿಕೊಂಡಿಲ್ಲ. ನಾಚಿಕೆಗೆ ಅಂಜಿ ಬಾಯಿ ಮುಚ್ಚಿಕೊಂಡವಳೂ ಸ್ವಂತ ಇಚ್ಛೆಯಿಂದ ಸುಮ್ಮನಿದ್ದವಳಲ್ಲ. ಉಪವಾಸ ಮಾಡುವವನಿಗೂ ಅನ್ನವಿಲ್ಲದೆ ಹಸಿದವನಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ತಪಸ್ಸುಕಾಲದ ಉಪವಾಸವನ್ನು ಹೊಗಳುವ ನಾವು ಹಸಿದವನಿಗೆ "ನಿನ್ನದೂ ಉಪವಾಸವೇ" ಎಂದು ಹೇಳಿ ಕಳಿಸುವುದಿಲ್ಲ.

ಧರ್ಮಸಭೆಯ ಬೋಧನೆಯೂ ಇದಕ್ಕೆ ಹೊರತಾಗಿಲ್ಲ. ಉಸಿರಾಟ ಮತ್ತು ಮೈಯ ತರಬೇತಿಯಿಂದ ಹೆರಿಗೆಯ ನೋವನ್ನು ತಗ್ಗಿಸುವ ವಿಧಾನ ಬಂದಾಗ, ಆದಿಕಾಂಡದಲ್ಲಿ ಹೆಣ್ಣಿಗೆ ಹೇಳಿದ ನೋವನ್ನು ತಪ್ಪಿಸುವುದು ಪಾಪವೇ ಎಂದು ಕೆಲವರು ಕೇಳಿದರು. ಜಗದ್ಗುರು ಹನ್ನೆರಡನೆಯ ಭಕ್ತಿನಾಥರು, ಅಂದರೆ ಪೋಪ್ ಹನ್ನೆರಡನೇ ಪಿಯುಸ್, 1956ರ ಜನವರಿ 8ರಂದು ವೈದ್ಯರಿಗೆ ಮಾತನಾಡುತ್ತ, ಪವಿತ್ರ ಗ್ರಂಥ ಅದನ್ನು ತಡೆಯುವುದಿಲ್ಲವೆಂದು ಸ್ಪಷ್ಟಪಡಿಸಿದರು. ಮುಂದಿನ ವರ್ಷ, ನೋವನ್ನು ಕಳೆಯುವ ಮದ್ದನ್ನು ಕ್ರೈಸ್ತನು ಪಡೆಯಬಹುದೆಂದೂ ಹೇಳಿದರು. ಪೋಪ್ ಎರಡನೇ ಜಾನ್ ಪಾಲರು 1984ರಲ್ಲಿ ನೋವಿನ ಅರ್ಥವನ್ನು ಕುರಿತು ಪತ್ರ ಬರೆದಾಗ, ಕೊನೆಯಲ್ಲಿ ದಯಾಳು ಸಮಾರಿಯದವನನ್ನು ನಮ್ಮ ಮುಂದಿಟ್ಟರು. ದಾರಿಯಲ್ಲಿ ಬಿದ್ದವನಿಗೆ ಅವನು ಸಹನೆಯ ಉಪದೇಶ ಮಾಡಲಿಲ್ಲ. ಗಾಯಕ್ಕೆ ಎಣ್ಣೆ ಹಚ್ಚಿ ಕಟ್ಟಿದ. 1992ರ ಧರ್ಮೋಪದೇಶದ 2288ನೆಯ ಪರಿಚ್ಛೇದವೂ ಆರೋಗ್ಯವನ್ನು ದೇವರು ಒಪ್ಪಿಸಿದ ವರವೆಂದು ಕಂಡು, ಅದನ್ನು ವಿವೇಕದಿಂದ ಕಾಪಾಡುವುದು ನಮ್ಮ ಹೊಣೆ ಎನ್ನುತ್ತದೆ.

ಹಾಗಾದರೆ ಶಿಲುಬೆ ಯಾವುದು? ಮಾಡಬೇಕಾದದ್ದನ್ನು ಮಾಡಿದ ಮೇಲೂ ಉಳಿಯುವುದೇ ಶಿಲುಬೆ. ಚಿಕಿತ್ಸೆಯಿಂದ ಅರ್ಧ ಮಾತ್ರ ಗುಣವಾದವರಿದ್ದಾರೆ, ಏನೂ ಗುಣ ಕಾಣದವರೂ ಇದ್ದಾರೆ. ಅವರು ಅದನ್ನು ದೇವರಿಗೆ ಒಪ್ಪಿಸಿದರೆ, ಅದು ತಿಳಿದು ಒಪ್ಪಿಸಿದ ಕಾಣಿಕೆ. ಮೂರು ತಿಂಗಳು ದಿನಕ್ಕೆ ಮೂರು ಹೊತ್ತು ಬೇಸರಿಸದೆ ವ್ಯಾಯಾಮ ಮಾಡುವುದೂ ಸಣ್ಣ ತಪಸ್ಸೇನಲ್ಲ.

"ಆದರೆ ಮಾನ?" ಎಂದು ನೀವು ಕೇಳಬಹುದು. ಪರರ ಮುಂದೆ ಮೈ ತೋರಿಸಲು ಹಿಂಜರಿಯುವುದು ತಪ್ಪಲ್ಲ. ಲಜ್ಜೆ ದೇವರು ಕೊಟ್ಟ ಬೇಲಿ. ಬೇಲಿ ಇರುವುದು ತೋಟವನ್ನು ಕಾಯಲು. ಒಳಗಿನ ಗಿಡಕ್ಕೆ ನೀರೇ ಹೋಗದಂತೆ ಮಾಡಲು ಅಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ದೇಹವನ್ನು ಪವಿತ್ರಾತ್ಮರ ಆಲಯವೆಂದು ಕರೆಯುತ್ತಾರೆ. ಅದೇ ಪತ್ರದಲ್ಲಿ, ನಾವು ಕೀಳೆಂದು ತಿಳಿಯುವ ಅಂಗಗಳಿಗೇ ಹೆಚ್ಚಿನ ಗೌರವ ಸಲ್ಲುತ್ತದೆ ಎನ್ನುತ್ತಾರೆ. ಆಲಯದ ಗೋಡೆ ಬಿರುಕು ಬಿಟ್ಟರೆ ಮೇಸ್ತ್ರಿಯನ್ನು ಕರೆಯುವ ನಾವು, ಈ ಆಲಯದ ತಳ ಸಡಿಲವಾದರೆ ಬಾಗಿಲು ಮುಚ್ಚಿ ಕೂರುವುದು ಯಾವ ಗೌರವ? ಒಪ್ಪಿಗೆ ಕೇಳಿ, ಬಟ್ಟೆ ಹೊದಿಸಿ, ಗುಣಪಡಿಸಲೆಂದು ಮುಟ್ಟುವ ಕೈ ಮಾನವನ್ನು ಕಳೆಯುವುದಿಲ್ಲ.

ಮನೆಯವರಿಗೆ ಎರಡು ಮಾತು

ಈ ಮೌನಕ್ಕೆ ತಾಯಿಯೊಬ್ಬಳೇ ಕಾರಣಳಲ್ಲ. ಮೀನಿನ ಒಳ್ಳೆಯ ತುಂಡನ್ನು ಮಕ್ಕಳ ತಟ್ಟೆಗೆ ಹಾಕಿ ತಾನು ಸಾರು ಕಲಸಿ ಉಣ್ಣುವವಳು, "ನನಗೋಸ್ಕರ ಇಷ್ಟು ಖರ್ಚು ಯಾಕೆ" ಎನ್ನದೆ ಇರುತ್ತಾಳೆಯೇ? ಅವಳು ಬೇಡವೆಂದಳೆಂದು ನಾವು ಸುಮ್ಮನಾದರೆ ನಮಗೆ ಅನುಕೂಲ. ಅಲ್ಲಿಗೆ ಅವಳ ತ್ಯಾಗ ನಮ್ಮ ಸೋಮಾರಿತನಕ್ಕೆ ಹೊದಿಕೆಯಾಗುತ್ತದೆ. ಗಂಡಂದಿರೇ, ಹೆಂಡತಿ ದಾಂಪತ್ಯದಲ್ಲಿ ನೋವೆಂದರೆ ಅದನ್ನು ನಂಬಿ. ಪ್ರಯಾಣಕ್ಕೆ ಬರುವುದಿಲ್ಲ ಎಂದರೆ ಸಿಡುಕಬೇಡಿ, ಕಾರಣ ಮೆಲ್ಲನೆ ಕೇಳಿ. ಅತ್ತೆಯಂದಿರೇ, ಹೆತ್ತ ಸೊಸೆಗೆ ಭಾರ ಎತ್ತುವುದರಿಂದ ಸ್ವಲ್ಪ ಕಾಲ ಬಿಡುವು ಕೊಡಿ. ಮಕ್ಕಳೇ, ಅಮ್ಮನ ಬಟ್ಟೆಯ ವಾಸನೆಯನ್ನು ಕುರಿತು ಯಾರಾದರೂ ನಕ್ಕರೆ ನೀವು ನಗಬೇಡಿ.

ಎಲ್ಲಿಗೆ ಹೋಗಬೇಕು? ಅಂಕೋಲಾದವರು ತಾಲೂಕು ಆಸ್ಪತ್ರೆಯಲ್ಲಿ, ಕಾರವಾರದವರು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಕ್ರಿಮ್ಸ್‌ನ ಸ್ತ್ರೀರೋಗ ವಿಭಾಗದಲ್ಲಿ ಮೊದಲು ವೈದ್ಯರನ್ನು ಕಂಡು, ಸೋಂಕು ಮತ್ತು ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಲಿ. ನಂತರ ಫಿಸಿಯೋಥೆರಪಿಗೆ ಬರೆದುಕೊಡಲು ಕೇಳಲಿ. ಬಾಯಿಬಿಟ್ಟು ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಟ್ಟರೂ ಆಗುತ್ತದೆ. ಆಶಾ ಕಾರ್ಯಕರ್ತೆಯನ್ನೋ, ಆಸ್ಪತ್ರೆಯಲ್ಲಿ ದುಡಿಯುವ ಧರ್ಮಭಗಿನಿಯನ್ನೋ ಕೇಳಬಹುದು. ಎಲ್ಲ ಫಿಸಿಯೋಥೆರಪಿಸ್ಟರೂ ಈ ಚಿಕಿತ್ಸೆಯಲ್ಲಿ ಪಳಗಿದವರಲ್ಲ, "ಹೆಂಗಸರ ಶ್ರೋಣಿ ತಳದ ಚಿಕಿತ್ಸೆ ಮಾಡುತ್ತೀರಾ?" ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿ. ಮಂಗಳೂರಿನ ಫಾದರ್ ಮುಲ್ಲರ್, ಮಣಿಪಾಲ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಗಳಲ್ಲಿ ಫಿಸಿಯೋಥೆರಪಿಯನ್ನು ಕಲಿಸುವ ಕಾಲೇಜುಗಳಿವೆ, ಅಲ್ಲಿಯೂ ವಿಚಾರಿಸಬಹುದು. ದೂರದ ಆಸ್ಪತ್ರೆ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಮಂಗಳೂರಿನ ಕಡೆಗೆ ಹೋಗುವವರಿಗೆ ಕೊಂಕಣ ರೈಲು ಕಾರವಾರದಿಂದಲೂ ಅಂಕೋಲಾದಿಂದಲೂ ಇದೆ. ರೈಲಿನಲ್ಲಿ ಶೌಚಾಲಯವಿರುವುದರಿಂದ ಬಸ್ಸಿನ ಆತಂಕವೂ ಇಲ್ಲ.

ಕೊನೆಗೆ, ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದ ಆ ಹೆಂಗಸನ್ನು ನೆನೆಯೋಣ. ಅವಳದು ಬೇರೆ ಕಾಯಿಲೆ, ಹನ್ನೆರಡು ವರ್ಷದ ರಕ್ತಸ್ರಾವ. ಆದರೆ ನಾಚಿಕೆ ಇದೇ. ಇದ್ದುದೆಲ್ಲವನ್ನೂ ವೈದ್ಯರಿಗೆ ಸುರಿದು ಸೋತು, ಜನರ ಗುಂಪಿನಲ್ಲಿ ಹಿಂದಿನಿಂದ ಬಂದು, ಯಾರಿಗೂ ತಿಳಿಯದಂತೆ ಯೇಸುವಿನ ಬಟ್ಟೆಯನ್ನು ಮುಟ್ಟಿದಳು. ಮುಟ್ಟಿದ ಗಳಿಗೆಯಲ್ಲೇ ಗುಣವಾಯಿತು. ಯೇಸು ಸುಮ್ಮನೆ ಮುಂದೆ ನಡೆಯಬಹುದಿತ್ತು. ಆದರೆ ನಿಂತರು, ಮುಟ್ಟಿದವರು ಯಾರೆಂದು ಕೇಳಿದರು. ಅವಳು ನಡುಗುತ್ತ ಬಂದು ನಡೆದದ್ದನ್ನೆಲ್ಲ ಹೇಳಿದಳು. ಯೇಸು ಅವಳನ್ನು ಗದರಲಿಲ್ಲ, ಮಗಳೇ ಎಂದು ಕರೆದರು. ಮೈ ಆಗಲೇ ಗುಣವಾಗಿತ್ತು. ಎಲ್ಲರ ಮುಂದೆ ತಲೆ ಎತ್ತಿ ನಿಲ್ಲುವುದು ಬಾಕಿಯಿತ್ತು. ಅದನ್ನೂ ಅವರು ಕೊಟ್ಟರು.

ಪ್ರಿಯ ತಾಯಿ, ನೀವು ಊರಿಗೆಲ್ಲ ಹೇಳಬೇಕಾಗಿಲ್ಲ. ಈ ವಾರ ಒಬ್ಬರಿಗೆ ಹೇಳಿ. ಮಗಳಿಗೋ, ಅಕ್ಕನಿಗೋ, ಡಾಕ್ಟರಿಗೋ. ಅಷ್ಟು ಸಾಕು, ದಾರಿ ಅಲ್ಲಿಂದ ತೆರೆಯುತ್ತದೆ. ಹಾಗೆ ಯಾರಾದರೂ ನಿಮ್ಮ ಬಳಿ ಬಂದು ಹೇಳಿದರೆ, ಓದುಗರೇ, ಉಪದೇಶ ಬೇಡ. ಅವರ ಜೊತೆ ಆಸ್ಪತ್ರೆಗೆ ಹೋಗಿಬನ್ನಿ.